ಯಾರ ತಪ್ಪಿಗೆ ಯಾರ ಸ್ನಾನ?

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಧರ್ಮಕ್ಷೇತ್ರದಲ್ಲಿ ಒಬ್ಬ ಕ್ಯಾಥೊಲಿಕ್ ಪಾದ್ರಿ, ಮಕ್ಕಳ ತಲೆಗೆ ನೀರು ಹೊಯ್ಯುವಾಗ ‘ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ’ ಎನ್ನಬೇಕಾದ ಕಡೆ ವರ್ಷಗಟ್ಟಲೆ ‘ನಾವು’ ಎನ್ನುತ್ತ ಬಂದರು. ನೀರು ಸರಿಯಿತ್ತು. ಪಿತ, ಸುತ, ಪವಿತ್ರಾತ್ಮರ ಹೆಸರೂ ಸರಿಯಿತ್ತು. ಆದರೂ 2022ರಲ್ಲಿ ಧರ್ಮಕ್ಷೇತ್ರದ ತೀರ್ಮಾನ ಹೊರಬಿತ್ತು: 2021ರ ಜೂನ್ ಮಧ್ಯದವರೆಗೆ ಅವರು ಕೊಟ್ಟ ಜ್ಞಾನಸ್ನಾನಗಳನ್ನೆಲ್ಲ ಅಸಿಂಧುವೆಂದೇ ಎಣಿಸಬೇಕು. ಹೀಗೆ ಸ್ನಾನ ಪಡೆದವರ ಸಂಖ್ಯೆ ಸಾವಿರಾರು.

ಅದಕ್ಕೂ ಮುಂಚೆ, 2020ರಲ್ಲಿ, ಡೆಟ್ರಾಯ್ಟ್‌ನ ಒಬ್ಬ ಯುವ ಪಾದ್ರಿ 1990ರ ತಮ್ಮದೇ ಜ್ಞಾನಸ್ನಾನದ ವಿಡಿಯೊ ಹಾಕಿ ನೋಡಿದರು. ಅದರಲ್ಲೂ ‘ನಾವು’! ಸ್ನಾನವೇ ಆಗಿಲ್ಲವೆಂದ ಮೇಲೆ ದೃಢೀಕರಣವೂ ಇಲ್ಲ, 2017ರಲ್ಲಿ ಪಡೆದ ಗುರುದೀಕ್ಷೆಯೂ ಇಲ್ಲ; ಅಲ್ಲಿಂದ ಮುಂದೆ ಅವರು ಅರ್ಪಿಸಿದ ಬಲಿಪೂಜೆ, ಕೊಟ್ಟ ಪಾಪಕ್ಷಮೆ ಯಾವುದೂ ಲೆಕ್ಕಕ್ಕಿಲ್ಲ. ಎಲ್ಲವನ್ನೂ ಮೊದಲಿನಿಂದ ಪಡೆದು ಅವರು ಮತ್ತೆ ಪಾದ್ರಿಯಾದರು.

ಇದನ್ನು ಮಡಿವಂತಿಕೆ ಎಂದು ನಕ್ಕು ಬಿಟ್ಟುಬಿಡುವುದು ಸುಲಭ. ಆದರೆ ‘ನಾವು’ ಎಂದ ಸ್ನಾನ ಸಲ್ಲದೆಂದು ವ್ಯಾಟಿಕನ್ 2020ರಲ್ಲಿ ಹೇಳಿದಾಗ ಕೊಟ್ಟ ಕಾರಣ ಪೊಳ್ಳಲ್ಲ. ಸಂಸ್ಕಾರದಲ್ಲಿ ಕೆಲಸ ಮಾಡುವವನು ಕ್ರಿಸ್ತನೇ. ಪಾದ್ರಿ ತನ್ನ ದನಿಯನ್ನಷ್ಟೇ ಅವನಿಗೆ ಕೊಡುತ್ತಾನೆ. ತಂದೆತಾಯಿ, ಬಂಧುಬಳಗ, ನೆರೆದ ಜನ ಸೇರಿಕೊಂಡು ಕೊಡುವ ವಸ್ತು ಅದಲ್ಲ. ಹಾಗಾಗಿ ‘ನಾವು’ ಎಂದರೆ ಕೊಡುವವನೇ ಬದಲಾದಂತೆ.

ಈ ತರ್ಕದ ಬೇರು ಉತ್ತರ ಆಫ್ರಿಕದ ಬಿಷಪ್ ಆಗಸ್ಟೀನನಲ್ಲಿದೆ, ಮತ್ತು ಅಲ್ಲಿ ಅದು ಹುಟ್ಟಿದ್ದು ಜನರಿಗೆ ಧೈರ್ಯ ಹೇಳಲು. ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್, ಸಭೆಯಿಂದ ಒಡೆದು ಹೋದವರ ಕೈಯ ಸ್ನಾನ ಸ್ನಾನವೇ ಅಲ್ಲ ಎಂದು ಪಟ್ಟು ಹಿಡಿದಿದ್ದ. 256ರಲ್ಲಿ ಕಾರ್ಥೇಜಿನಲ್ಲಿ ಸೇರಿದ 87 ಆಫ್ರಿಕನ್ ಬಿಷಪ್ಪರು ಅವನ ಪರ ನಿಂತರು. ರೋಮಿನ ಪೋಪ್ ಸ್ಟೀಫನ್ ಒಪ್ಪಲಿಲ್ಲ. ಒಡೆದವರ ಕಡೆಯಿಂದ ಬಂದರೂ ಮತ್ತೆ ಸ್ನಾನ ಬೇಡ, ಕೈಯಿಟ್ಟು ಸೇರಿಸಿಕೊಳ್ಳಿ ಎಂದ. ಮುಂದೆ, ಅದೇ ಆಫ್ರಿಕದಲ್ಲಿ ಸಭೆಯಿಂದ ಒಡೆದು ನಿಂತ ಡೊನಾಟಿಸ್ಟರು ಸಿಪ್ರಿಯನ್ನನ ಹಾದಿಯನ್ನೇ ಹಿಡಿದಾಗ ಆಗಸ್ಟೀನ್ ಎದುರು ನಿಂತು ವಾದಿಸಿದ: ನೀರು ಹೊಯ್ದವನು ಯೂದನಂಥ ದ್ರೋಹಿಯೇ ಆಗಿರಲಿ, ಸ್ನಾನ ಕೊಟ್ಟವನು ಕ್ರಿಸ್ತ. ಪಾದ್ರಿಯ ಯೋಗ್ಯತೆ ಎಂಥದೋ ಎಂದು ಭಕ್ತ ನಿದ್ದೆಗೆಡಬೇಕಾಗಿಲ್ಲ.

ಅದೇ ಮಾತು ಫೀನಿಕ್ಸಿಗೆ ಬರುವ ಹೊತ್ತಿಗೆ ತಿರುಗಿ ಕೂತಿದೆ. ಪಾದ್ರಿಯ ಬಾಳು ಕೆಟ್ಟಿದ್ದರೂ ಚಿಂತೆಯಿಲ್ಲ, ಬಾಯಿ ಮಾತ್ರ ತಪ್ಪಬಾರದು! ಭಕ್ತನಿಗೆ ಪಾದ್ರಿಯಿಂದ ಸಿಕ್ಕಿದ ಬಿಡುಗಡೆ ಇಷ್ಟೇ ಏನು?

ಫೀನಿಕ್ಸಿನದಕ್ಕಿಂತ ಎಷ್ಟೋ ಹಳೆಯದೊಂದು ಪ್ರಸಂಗ ನನಗೆ ಬಹಳ ಇಷ್ಟ. ಎಂಟನೆಯ ಶತಮಾನದ ಬವೇರಿಯಾದಲ್ಲಿ ಲ್ಯಾಟಿನ್ ಬಾರದ ಒಬ್ಬ ಪಾದ್ರಿ ‘ಇನ್ ನೋಮಿನೆ ಪಾತ್ರಿಸ್ ಎತ್ ಫಿಲಿಯಿ’ ಎನ್ನುವ ಬದಲು ‘ಪಾತ್ರಿಯಾ ಎತ್ ಫಿಲಿಯಾ’ ಎನ್ನುತ್ತಿದ್ದ. ತಂದೆ ಹೋಗಿ ತಾಯ್ನಾಡಾಯಿತು, ಮಗ ಹೋಗಿ ಮಗಳಾದಳು. ಕಟ್ಟುನಿಟ್ಟಿನ ಬಿಷಪ್ ಬೊನಿಫೇಸ್ ಮತ್ತೆ ಸ್ನಾನ ಕೊಡಿ ಎಂದ. ದೂರು ರೋಮಿಗೆ ಹೋಯಿತು. 746ರಲ್ಲಿ ಪೋಪ್ ಜಕಾರಿಯಸ್ ಬರೆದ ಉತ್ತರದ ತಾತ್ಪರ್ಯ ಇದು: ಆತ ಹೊಸ ಮತ ಸಾರಲಿಲ್ಲ, ಭಾಷೆ ಬಾರದೆ ತಪ್ಪಿದ; ಮತ್ತೆ ಸ್ನಾನ ಬೇಡ. ತ್ರಿಯೇಕ ದೇವರ ಹೆಸರೇ ನಾಲಿಗೆಯಲ್ಲಿ ಕೆಟ್ಟಾಗ ಸಿಂಧುವಾದದ್ದು, ಹೆಸರು ನೆಟ್ಟಗಿದ್ದು ‘ನಾನು’ ತಪ್ಪಿದಾಗ ಅಸಿಂಧು.

ರೋಮಿನವರು ಇಲ್ಲಿ ಅಡ್ಡ ಹಾಕುತ್ತಾರೆ: ಬವೇರಿಯಾದವನದು ಅಜ್ಞಾನ, ಫೀನಿಕ್ಸಿನವರದು ಬುದ್ಧಿಪೂರ್ವಕ ಬದಲಾವಣೆ. ಇರಬಹುದು. ಆದರೆ ಹಾಲುಗಲ್ಲದ ಕೂಸಿಗೆ ಈ ವ್ಯತ್ಯಾಸದಿಂದ ಆಗಬೇಕಾದ್ದೇನು? ಪತ್ರಬರಹಗಾರ ಕ್ರಯಪತ್ರದಲ್ಲಿ ತಪ್ಪು ಬರೆದರೆ ತಿದ್ದುಪಡಿ ಪತ್ರಕ್ಕೆ ದಾರಿಯಿದೆ. ಜಮೀನು ಕೊಂಡದ್ದೇ ಸುಳ್ಳು ಎಂದು ಯಾರೂ ಹೇಳುವುದಿಲ್ಲ. ಇನ್ನೂ ಒಂದು ತೊಡಕಿದೆ. ಆರ್ಥೊಡಾಕ್ಸ್ ಸಭೆಗಳ ಪಾದ್ರಿ ‘ದೇವರ ಸೇವಕನಾದ ಇಂಥವನು ಸ್ನಾನ ಹೊಂದುತ್ತಾನೆ’ ಎನ್ನುತ್ತಾನೆ. ಅಲ್ಲಿ ‘ನಾನು’ ಇಲ್ಲವೇ ಇಲ್ಲ. ಅದು ಸಿಂಧುವೆಂದು ಕ್ಯಾಥೊಲಿಕ್ ಸಭೆಯ ಫ್ಲಾರೆನ್ಸ್ ಮಹಾಸಭೆ 1439ರಲ್ಲೇ ಒಪ್ಪಿದೆ. ‘ನಾನು’ ಎನ್ನದಿದ್ದರೆ ನಡೆಯುತ್ತದೆ, ‘ನಾವು’ ಎಂದರೆ ಕೆಡುತ್ತದೆ ಎಂಬ ವಾದ ಅಸಾಧ್ಯವೇನಲ್ಲ; ಆದರೆ ಕೂದಲೆಳೆಯಷ್ಟು ತೆಳು.

ಆರ್ಥೊಡಾಕ್ಸರ ಮನೆಯೂ ಒಂದೇ ಹದದಲ್ಲಿಲ್ಲ. ಅವರ ಪದ್ಧತಿ ಮೂರು ಬಾರಿ ಪೂರ್ತಿ ಮುಳುಗಿಸುವುದು. ಹಾಗಾಗಿ ತಲೆಗೆ ನೀರು ಹೊಯ್ಸಿಕೊಂಡ ಕ್ಯಾಥೊಲಿಕರು ಸೇರಲು ಬಂದರೆ ಮತ್ತೆ ಸ್ನಾನ ಆಗಲೇಬೇಕು ಎಂದು ಕಾನ್‌ಸ್ಟಾಂಟಿನೋಪಲಿನ ಸಭೆ 1755ರಲ್ಲಿ ವಿಧಿಸಿತು. ರಷ್ಯನ್ ಸಭೆ 1667ರಿಂದಲೇ ಅದನ್ನು ಕೈಬಿಟ್ಟಿತ್ತು.

ಬ್ಯಾಪ್ಟಿಸ್ಟರು ಪ್ರಶ್ನೆಯನ್ನೇ ಬೇರೆ ಕಡೆ ಇಡುತ್ತಾರೆ: ಸ್ನಾನ ಪಡೆದವನು ನಂಬಿ ಪಡೆದನೇ? ಕೂಸಿಗೆ ನಂಬಿಕೆ ಎಲ್ಲಿಂದ ಬರಬೇಕು! ಅಡೊನಿರಾಮ್ ಜಡ್ಸನ್ 1812ರಲ್ಲಿ ಅಮೆರಿಕದಿಂದ, ಕೂಸುಗಳಿಗೂ ಸ್ನಾನ ಕೊಡುವ ಕಾಂಗ್ರಿಗೇಷನಲ್ ಸಭೆಯ ಮಿಷನರಿಯಾಗಿ ಹಡಗು ಹತ್ತಿದ. ಬಂಗಾಳದಲ್ಲಿ ವಿಲಿಯಂ ಕೇರಿಯ ಬ್ಯಾಪ್ಟಿಸ್ಟರನ್ನು ಎದುರಿಸಬೇಕಲ್ಲ ಎಂದು ದಾರಿಯಲ್ಲಿ ಬೈಬಲ್ ಶೋಧಿಸಿದವನು ತಾನೇ ಸೋತ. ಕಲ್ಕತ್ತಕ್ಕೆ ಇಳಿದು ಹೆಂಡತಿ ಆ್ಯನ್‌ಳೊಂದಿಗೆ ಮುಳುಗು ಸ್ನಾನ ಪಡೆದ. ಕಳಿಸಿದ ಮಂಡಳಿಯ ಆಸರೆ ಅಲ್ಲಿಗೆ ತಪ್ಪಿತು. ಅವನ ಪ್ರಾಮಾಣಿಕತೆ ದೊಡ್ಡದು. ಆದರೆ ಈ ದಾರಿಯಲ್ಲಿ ಸಂಶಯ ಪಾದ್ರಿಯ ಬಾಯಿಂದ ಇಳಿದು ನಂಬುವವನ ಎದೆಯೊಳಗೆ ಹೊಕ್ಕು ಕೂರುತ್ತದೆ. ಅಂದು ನಾನು ನಿಜವಾಗಿ ನಂಬಿದ್ದೆನೇ ಎಂದು ಎರಡನೆಯ, ಮೂರನೆಯ ಸಲ ನೀರಿಗಿಳಿಯುವವರೂ ಇದ್ದಾರೆ.

ಈ ತೀರ್ಪುಗಳ ಬಿಸಿ ನಮ್ಮಲ್ಲಿ ತಟ್ಟುವುದು ಮದುವೆಯ ಹೊತ್ತಿಗೆ. ಕ್ಯಾಥೊಲಿಕ್ ಹುಡುಗಿ ಪ್ರೊಟೆಸ್ಟಂಟರ ಸಿ.ಎಸ್.ಐ. ಸಭೆಯ ಹುಡುಗನನ್ನು ಮದುವೆಯಾಗುವಾಗ ಅವನ ದೀಕ್ಷಾಸ್ನಾನದ ಪ್ರಮಾಣಪತ್ರ ಸಲ್ಲುತ್ತದೆ. ಧರ್ಮಾಧ್ಯಕ್ಷರ ಅನುಮತಿ ಸಾಕು. ಹುಡುಗ ‘ಯೇಸುವಿನ ನಾಮದಲ್ಲಿ’ ಮಾತ್ರ ಸ್ನಾನ ಕೊಡುವ ಪೆಂಟೆಕೋಸ್ಟಲ್ ಪಂಗಡದವನಾದರೆ, ಚರ್ಚಿನ ಕಾನೂನಿನಲ್ಲಿ ಅವನು ಹಿಂದೂ ಮುಸ್ಲಿಮರ ಸಾಲಿನಲ್ಲಿ ನಿಲ್ಲುತ್ತಾನೆ. ಬೇರೆಯದೇ ವಿನಾಯಿತಿ ಸಿಗದಿದ್ದರೆ ಆ ಮದುವೆಯೇ ಅಸಿಂಧು.

ಇಷ್ಟೆಲ್ಲ ಆದರೂ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥವೇ ದೇವರು ತನ್ನ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ ಎನ್ನುತ್ತದೆ. ಸ್ನಾನವನ್ನು ಬಯಸಿ, ಪಡೆಯುವ ಮೊದಲೇ ಸತ್ತವನಿಗೂ ರಕ್ಷಣೆಯಿದೆ ಎನ್ನುತ್ತದೆ. ಹಾಗಿದ್ದರೆ ಸಿಂಧು, ಅಸಿಂಧು ಎನ್ನುವುದು ಸಭೆ ತನ್ನ ವಹಿಯಲ್ಲಿ ಇಡುವ ಲೆಕ್ಕ, ತಾನು ಯಾವುದಕ್ಕೆ ಜಾಮೀನು ನಿಲ್ಲಬಲ್ಲೆ ಎಂಬ ಮಾತು. ದೇವರ ಲೆಕ್ಕ ಬೇರೆ. ವಹಿ ತನ್ನದಾದ ಮೇಲೆ, ತನ್ನ ಪಾದ್ರಿಯ ತಪ್ಪನ್ನು ಸಭೆ ತಾನೇ ಹೊರಬಹುದಲ್ಲವೇ? ಜಕಾರಿಯಸ್ ಹೊತ್ತನಲ್ಲ.

ಸಡಿಲ ಬಿಟ್ಟರೆ ಪಾದ್ರಿಗಳೆಲ್ಲ ಮನಬಂದಂತೆ ಹೇಳತೊಡಗುತ್ತಾರೆ ಎಂಬ ಭಯ ಸುಳ್ಳಲ್ಲ. ಅದಕ್ಕೆ ಪಾದ್ರಿಯನ್ನು ತಿದ್ದಬೇಕು. ಫೀನಿಕ್ಸಿನ ಪಾದ್ರಿ ಕ್ಷಮೆ ಕೇಳಿ ತಮ್ಮ ಚರ್ಚಿನ ಹೊಣೆಯಿಂದ ಇಳಿದರು. ಅವರ ಗುರುದೀಕ್ಷೆಗೆ ಮಾತ್ರ ಏನೂ ಆಗಲಿಲ್ಲ, ಅವರು ಇಂದಿಗೂ ಸಿಂಧುವಾದ ಪಾದ್ರಿಯೇ. ಮತ್ತೆ ನೀರಿನ ಮುಂದೆ ತಲೆಬಾಗಬೇಕಾಗಿ ಬಂದದ್ದು ಅವರನ್ನು ನಂಬಿ ಬಂದವರಿಗೆ.