ಮುಟ್ಟು ನಿಲ್ಲುವ ಕಾಲ

ಹುಡುಗಿಯು ಮೈನೆರೆದಾಗ ಆರತಿ ಎತ್ತುವ ಮನೆಗಳಲ್ಲಿ, ಅದೇ ಹೆಣ್ಣಿಗೆ ಮುಟ್ಟು ನಿಂತಾಗ ಒಂದು ಮಾತೂ ಹೊರಡುವದಿಲ್ಲ. ವಿಜಯಪುರದ ಓಣಿಗಳಲ್ಲಾಗಲಿ, ತಿಕೋಟಾ, ಬಬಲೇಶ್ವರಗಳ ಒಕ್ಕಲು ಮನೆಗಳಲ್ಲಾಗಲಿ ಈ ಮೌನಕ್ಕೆ ಮರ್ಯಾದೆಯೆಂದು ಹೆಸರು. ಅದು ಮರ್ಯಾದೆಯೋ ಉಪೇಕ್ಷೆಯೋ ಎಂಬುದು ವಿಚಾರಿಸತಕ್ಕ ಪ್ರಶ್ನೆ.

ಅಂಡಾಶಯಗಳು ತಮ್ಮ ಕೆಲಸವನ್ನು ಒಂದೇ ದಿನದಲ್ಲಿ ನಿಲ್ಲಿಸುವದಿಲ್ಲ. ಕೆಲವು ವರುಷಗಳ ವರೆಗೆ ಮುಟ್ಟು ಒಮ್ಮೆ ತಪ್ಪುತ್ತ, ಒಮ್ಮೆ ಬೇಗ ಬರುತ್ತ, ಒಮ್ಮೆ ಮಿತಿಮೀರಿ ಹೋಗುತ್ತ ಇರುವದು. ಸತತವಾಗಿ 12 ತಿಂಗಳು ಕಾಣದಿದ್ದರೆ ನಿಂತಿತೆಂದು ವೈದ್ಯರು ಎಣಿಸುವರು. ಭಾರತದಲ್ಲಿ ಇದು ಬಹುಮಟ್ಟಿಗೆ 45ರಿಂದ 50ರ ವಯಸ್ಸಿನೊಳಗೆ.

ಫೆಬ್ರುವರಿಯಿಂದ ಏಪ್ರಿಲದ ವರೆಗೆ ತಿಕೋಟಾ ಭಾಗದಲ್ಲಿ ದ್ರಾಕ್ಷಿ ಕಡಿದು ಒಣಗಿಸುವ ಸುಗ್ಗಿ. ಆ ಬಿಸಿಲಿನಲ್ಲಿ ಕೂಲಿಯ ಹೆಂಗಸಿನ ಎದೆಯಿಂದ ಮುಖದ ವರೆಗೆ ತಟ್ಟನೆ ಝಳ ಏರಿ ಬೆವರು ಇಳಿದರೆ ಅವಳು ಬಿಸಿಲನ್ನೇ ದೂರುವಳು. ಆದರೆ ಪುಷ್ಯಮಾಸದ ಥಂಡಿಯಲ್ಲಿ, ನಡುರಾತ್ರಿ ಕೌದಿಯನ್ನು ಸರಿಸಿ ಬಾಗಿಲು ತೆರೆದು ಕೂಡ್ರುವಾಗ ದೂರಲು ಬಿಸಿಲಿಲ್ಲ. ಆಗ ಮನೆಯವರು ಅವಳ ಸ್ವಭಾವವನ್ನು ದೂರುವರು: ಸಿಡುಕಿಯೆಂದು, ಮರೆಗುಳಿಯೆಂದು, ಸೊಸೆಯ ಮೇಲೆ ಹರಿಹಾಯುವಳೆಂದು. ನಿದ್ದೆಗೆಟ್ಟವನು ಗಂಡಸಾಗಿದ್ದರೆ ಸಿಡುಕಿನ ಕಾರಣವನ್ನು ಕೇಳುವವರು ಇದ್ದೇ ಇರುತ್ತಿದ್ದರು! ಈ ಝಳಕ್ಕೆ ಚಿಕಿತ್ಸೆಯುಂಟೆಂಬುದನ್ನು ಸಹ ಅವಳಿಗೆ ಯಾರೂ ಹೇಳುವದಿಲ್ಲ.

ಮಡಿಯ ಮನೆಗಳಲ್ಲಿ ಮುಟ್ಟು ನಿಂತವಳಿಗೆ ಒಂದು ಲಾಭವುಂಟು. ದೇವರ ಕೋಣೆಗೂ ಒಲೆಯ ಬಳಿಗೂ ತಿಂಗಳಿಡೀ ಹೋಗಬಹುದು. ಇದನ್ನು ಬಿಡುಗಡೆಯೆಂದು ಸಂತೋಷಪಡುವವರೂ ಇದ್ದಾರೆ. ಆ ಸಂತೋಷವು ಸುಳ್ಳಲ್ಲ. ಆದರೆ ಹಿಂದಿನ 30ಕ್ಕೂ ಹೆಚ್ಚು ವರುಷ ಅವಳು ತಿಂಗಳಿಗೊಮ್ಮೆ ಮೈಲಿಗೆಯಾಗಿದ್ದಳೆಂಬ ತೀರ್ಪು ಆ ಅನುಗ್ರಹದ ಒಳಗೇ ಅಡಗಿದೆ. ಇದೇ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರೂ ಅವರ ಸಂಗಡದ ಶರಣರೂ 12ನೆಯ ಶತಮಾನದಲ್ಲಿ ನಡೆಸಿದ ಧರ್ಮವು ಜನನ, ಮರಣ, ಜಾತಿ, ಎಂಜಲುಗಳ ಸೂತಕಗಳೊಡನೆ ರಜಸ್ಸಿನ ಸೂತಕವನ್ನೂ ಅಲ್ಲಗಳೆಯಿತು. ಮೈಲಿಗೆಯೇ ಇಲ್ಲವೆಂದ ಮೇಲೆ ಅದು ತೀರಿತೆಂಬ ಗೌರವಕ್ಕೆ ಅರ್ಥವೇನು? ಅವಳು ಹೊರಗೆ ಕೂತ ದಿನಗಳನ್ನು ತಪ್ಪದೆ ಎಣಿಸಿದ ಮನೆಯು, ರಾತ್ರಿ ಮಲಗಿದಳೋ ಇಲ್ಲವೋ ಎಂದು ಕೇಳಿದ್ದು ಕಡಿಮೆ.

ಈ ಮೌನದಿಂದ ಪ್ರಾಣಕ್ಕೂ ಅಪಾಯವುಂಟು. ಮುಟ್ಟು ನಿಂತು ವರುಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಅದನ್ನು ಮುಟ್ಟೆಂದು ತಿಳಿಯಲಾಗದು. ಎಷ್ಟೋ ಸಲ ಕಾರಣವು ಅಲ್ಪವಾಗಿರುವದು; ಕೆಲವು ಸಲ ಗರ್ಭಕೋಶದ ಇಲ್ಲವೆ ಅದರ ಬಾಯಿಯ ಕ್ಯಾನ್ಸರಿನ ಮೊದಲ ಸೂಚನೆಯಾಗಿರುವದು. ಪರೀಕ್ಷೆಯಿಲ್ಲದೆ ಭೇದ ತಿಳಿಯದು. ಆದರೂ ಮೊಮ್ಮಕ್ಕಳನ್ನು ಕಂಡ ಅಜ್ಜಿಯು ಹಳೆಯ ಸೀರೆಯನ್ನು ಹರಿದು, ಮಡಿಚಿ, ಯಾರಿಗೂ ಕಾಣದಂತೆ ಇಟ್ಟುಕೊಳ್ಳುವಳು. ತಿಕೋಟಾದಿಂದ ವಿಜಯಪುರದ ದವಾಖಾನೆಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ ಕೂಡ ಅಲ್ಲ. ಆದರೆ ಕರೆದೊಯ್ಯತಕ್ಕವನು ಮಗನು, ಮತ್ತು ಅವನಿಗೆ ಕಾರಣ ಹೇಳಬೇಕಾಗುವದು.