ಕುದುರೆಯ ಬಾಯಿ

ನಮ್ಮ ಮನೆಯ ಹಜಾರದ ಗೋಡೆಯ ಮೇಲೆ ಒಂದು ಫೋಟೋ ಇದೆ. ಹಿಂಗಾಲುಗಳ ಮೇಲೆ ನೆಟ್ಟಗೆ ಎದ್ದು ನಿಂತ ಕಂದು ಕುದುರೆ, ಬೆನ್ನಿಗೆ ಅಂಟಿಕೊಂಡಂತೆ ಕುಳಿತ ಸವಾರ, ಹಿಂದೆ ಮಳೆಗಾಲದ ಮುಗಿಲು. ಹದಿನೈದು ವರ್ಷಗಳ ಹಿಂದೆ ನಾನೇ ತೆಗೆದದ್ದು. ಬಂದವರು ಕಾಫಿ ಲೋಟ ಕೈಯಲ್ಲಿ ಹಿಡಿದೇ ಅದರ ಮುಂದೆ ನಿಲ್ಲುತ್ತಾರೆ, "ಎಂಥ ಗಳಿಗೆ ಹಿಡಿದಿದ್ದೀರಿ!" ಎನ್ನುತ್ತಾರೆ. ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ. ಹೊಗಳಿಕೆ ಬಂದಾಗ ವಿನಯ ತೋರುವುದು ಅಷ್ಟೇನೂ ಕಷ್ಟವಲ್ಲ. ಆದರೆ ಬಸ್ತಿಹಳ್ಳಿಗೆ ಹೋಗಿ ಬಂದಂದಿನಿಂದ ಆ ಹೊಗಳಿಕೆ ಗಂಟಲಲ್ಲಿ ಇಳಿಯುತ್ತಿಲ್ಲ.

ಕುದುರೆಯನ್ನೂ ಸವಾರನನ್ನೂ ಬಯಲಿನಲ್ಲಿ ನಿಲ್ಲಿಸಿ ಪಟ ತೆಗೆಯುವ ಪಾಡು ಅನುಭವಿಸಿದವರಿಗೇ ಗೊತ್ತು. ಎರಡು ಜೀವಗಳ ಮನಸ್ಸು ಒಂದಾಗಬೇಕು. ಅದರ ಜೊತೆಗೆ ಬಿಸಿಲೂ ಒಪ್ಪಬೇಕು. ಸವಾರನ ಮುಖ ಚೆನ್ನಾಗಿ ಬಂದಾಗ ಕುದುರೆಯ ಕಿವಿ ಹಿಂದಕ್ಕೆ ಮಲಗಿರುತ್ತದೆ; ಕುದುರೆ ಕಿವಿ ನಿಮಿರಿಸಿದಾಗ ಸವಾರ ಮೂಗು ಒರೆಸಿಕೊಳ್ಳುತ್ತಿರುತ್ತಾನೆ. ನಡುಹಗಲಾದರೆ ಪೇಟದ ನೆರಳು ಮುಖವನ್ನೆಲ್ಲ ನುಂಗುತ್ತದೆ. ಮುಂದಿನಿಂದ ತೀರ ಹತ್ತಿರ ಹೋದರೆ ಕುದುರೆಯ ತಲೆ ಗುಡಾಣದಷ್ಟಾಗಿ, ಕಾಲು ಕಡ್ಡಿಯಾಗುತ್ತದೆ. ಈ ಕಾಟ ಸಾಕೆನಿಸಿದಾಗ ನಾನು ಹಳೇಬೀಡಿಗೆ ಹೋಗುತ್ತೇನೆ. ಅಲ್ಲಿಯ ಕುದುರೆಗಳು ಕದಲುವುದಿಲ್ಲ.

ಹೊಯ್ಸಳೇಶ್ವರ ದೇವಾಲಯದ ಅಡಿಯ ಪಟ್ಟಿಕೆಗಳನ್ನು ನೋಡಿದವರಿಗೆ ನೆನಪಿರಬಹುದು: ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಮೇಲೆ ಬಳ್ಳಿ, ಬಳ್ಳಿಯ ಮೇಲೆ ಅಶ್ವಾರೋಹಿಗಳು. ಬೆಳಗಿನ ಓರೆ ಬಿಸಿಲು ಬಿದ್ದಾಗ ಆ ಸಾಲು ಹೊರಟೇಬಿಟ್ಟಿತೇನೋ ಎನ್ನಿಸುತ್ತದೆ. ಈ ಗುಡಿಗೆ ಕ್ಯಾಮೆರಾ ಬಂದದ್ದು ಬಹಳ ಹಿಂದೆ. ಓಕ್ಲಿ ಎಂಬ ಆಂಗ್ಲ ಸೇನಾಧಿಕಾರಿ 1856ರ ಸುಮಾರಿಗೆ ಇಲ್ಲಿ ತೆಗೆದ ಚಿತ್ರಗಳು 1859ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. ಆಗಿನ ಕ್ಯಾಮೆರಾ ನಿಧಾನದ ಪ್ರಾಣಿ. ಎದುರಿಗಿದ್ದದ್ದು ಅಲುಗಿದರೆ ಪಟದಲ್ಲಿ ಮಂಜಾಗುತ್ತಿತ್ತು. ಓಡುವ ಕುದುರೆ ಅದಕ್ಕೆ ದಕ್ಕುವ ಮಾತೇ ಇಲ್ಲ. ಕಲ್ಲಿನ ಕುದುರೆ ಮಾತ್ರ ಓಡುತ್ತಲೂ ಇತ್ತು, ನಿಂತೂ ಇತ್ತು.

ಕಳೆದ ವರ್ಷ ಮಾಘದಲ್ಲಿ ಹೀಗೆಯೇ ಹೋಗಿದ್ದವನು, ಬಿಸಿಲೇರಿದ ಮೇಲೆ ಬಸ್ತಿಹಳ್ಳಿಯ ಬಸದಿಗಳ ಕಡೆಗೆ ನಡೆದೆ. ದಾರಿಯ ಪಕ್ಕ, ಮರದ ನೆರಳಿನಲ್ಲಿ, ಒಂದು ಬಿಳಿ ಕುದುರೆ ಮೇಯುತ್ತಿತ್ತು. ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ಕುದುರೆ. ಜರಿಯ ಜೀನು, ಗೆಜ್ಜೆ, ಕಡಿವಾಣ ಎಲ್ಲ ಒಂದು ಗೋಣಿಚೀಲದಲ್ಲಿದ್ದವು. ಯಜಮಾನ ಐವತ್ತು ದಾಟಿದವನು, ಮಾತು ಕಡಿಮೆ. ಪಟ ತೆಗೆಯಲೇ ಎಂದೆ. ನಕ್ಕ, ಬರಿಯ ಹಗ್ಗ ಹಿಡಿದು ಕುದುರೆಯನ್ನೇರಿ ಅತ್ತಿಂದಿತ್ತ ಎರಡು ಸಾರಿ ನಡೆಸಿದ. ನನಗೆ ಅಷ್ಟು ಸಾಲದು. ಮುಂಗಾಲೆತ್ತಿ ನಿಲ್ಲಿಸಪ್ಪಾ ಎಂದೆ. ಅವನು ಇಳಿದುಬಿಟ್ಟ.

"ಅದಾಗಿ ಎದ್ದರೆ ತಕ್ಕೊಳ್ಳಿ ಸ್ವಾಮಿ, ಬ್ಯಾಡ ಅನ್ನಲ್ಲ. ಎಬ್ಬಿಸಬೇಕು ಅಂದ್ರೆ ಕಡಿವಾಣ ಹಾಕಿ ಜಗ್ಗಬೇಕು. ನಿಮ್ಮ ಪಟಕ್ಕೆ ಒಂದು ಗಳಿಗೆ ಸಾಕು. ಅದಕ್ಕೆ ನಾಳೆ ಹುರುಳಿ ತಿನ್ನಾಕೂ ಇದೇ ಬಾಯಿ."

ದುಡ್ಡು ಕೊಡುತ್ತೇನೆ ಎಂದೆ. ಬೇಡವೆಂದ. ನನಗೆ ಸ್ವಲ್ಪ ಸಿಟ್ಟೂ ಬಂತು. "ಮದುವೆಯಲ್ಲಿ ವಾಲಗಕ್ಕೆ ಕುಣಿಸುವುದಿಲ್ಲವೇ?" ಎಂದು ಕೇಳಿದೆ. ಅವನು ಕುದುರೆಯ ಅಯಾಲಿನಲ್ಲಿ ಬೆರಳಾಡಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುಣಿಸ್ತೀವಿ. ಹೊಟ್ಟೆಪಾಡು. ಅಷ್ಟು ಸಾಲದಾ ಸ್ವಾಮಿ?" ಎಂದ.

ಅಂದು ರಾತ್ರಿ ಮನೆಗೆ ಬಂದು, ಹಳೆಯ ಫೋಟೋದ ಮೂಲವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಹದಿನೈದು ವರ್ಷ ಮುಗಿಲನ್ನೂ ಅಯಾಲನ್ನೂ ನೋಡಿದ್ದೆನೇ ಹೊರತು ಬಾಯಿಯನ್ನು ನೋಡಿರಲಿಲ್ಲ. ಕಡಿವಾಣದ ಕಬ್ಬಿಣ ಬಾಯಿಯ ಮೂಲೆಯನ್ನು ಹರಿಯುವಂತೆ ಹಿಂದಕ್ಕೆ ಎಳೆದಿದೆ. ನೊರೆ ಇದೆ; ನೊರೆಯಲ್ಲಿ ಕೆಂಪಿದೆ. ಅಂದು "ಇನ್ನೊಂದು ಸಲ, ಇನ್ನೊಂದು ಸಲ" ಎಂದು ಸವಾರನಿಗೆ ಕೂಗಿದವನು ನಾನೇ. ಐದನೆಯ ಸಲವೋ ಆರನೆಯ ಸಲವೋ ಈ ಪಟ ಸಿಕ್ಕಿತ್ತು.

ಈ ಸಂಗತಿಯನ್ನು ವಕೀಲಿ ಮಾಡಿ ನಿವೃತ್ತರಾದ ನನ್ನ ಸ್ನೇಹಿತರೊಬ್ಬರಿಗೆ ಹೇಳಿದೆ. ಅವರು ನಕ್ಕರು. "ಮದುವೆ ಮನೆಯಲ್ಲಿ ಫೋಟೋದವನು ನಗಿ ಎನ್ನುತ್ತಾನೆ, ನಾವು ನಗುತ್ತೇವೆ. ಅದೂ ಮಾಡಿಸಿದ್ದೇ. ನಿಮ್ಮದೇನು ಹೆಚ್ಚು?" ಎಂದರು. ವಾದ ಬಲವಾಗಿಯೇ ಇದೆ. ಆದರೆ ನಗಿ ಎಂದಾಗ ನಗದೆ ಇರುವ ಸ್ವಾತಂತ್ರ್ಯ ನಮಗುಂಟು, ಕುದುರೆಗೆ ಅದಿಲ್ಲ. ಇಲ್ಲ ಎಂದೆನೇ? ತಪ್ಪಿದೆ. ಕುದುರೆಯೂ ಬೇಡ ಎಂದಿತ್ತು. ಬಾಯಿಯ ನೋವನ್ನು ತಪ್ಪಿಸಿಕೊಳ್ಳಲು ತಲೆಯನ್ನು ಹಿಂದಕ್ಕೆಸೆದು, ಮುಂಗಾಲನ್ನು ನೆಲದಿಂದ ಕಿತ್ತು, ಮೈಯೆಲ್ಲದರಿಂದಲೂ ಬೇಡ ಎಂದಿತ್ತು. ನಾನು ಪಟ ತೆಗೆದದ್ದು ಆ ಬೇಡವನ್ನೇ. ನೋಡಿದವರು ಅದನ್ನೇ ಶೌರ್ಯ ಎಂದು ಹೊಗಳಿದರು.

ಶಿಲ್ಪಿ ರೋಡಾನ್ ಒಮ್ಮೆ, ಕಲಾವಿದ ಸತ್ಯ ಹೇಳುತ್ತಾನೆ, ಕ್ಯಾಮೆರಾ ಸುಳ್ಳು ಹೇಳುತ್ತದೆ, ಏಕೆಂದರೆ ಕಾಲ ಎಂದೂ ನಿಲ್ಲುವುದಿಲ್ಲ ಎಂಬ ಅರ್ಥದ ಮಾತನ್ನು ಆಡಿದ್ದ. ಅವನ ಕಾಲಕ್ಕೆ ಅದು ದೊಡ್ಡ ಜಗಳ. ಅದಕ್ಕೆ ಮೊದಲು ಐರೋಪ್ಯ ಚಿತ್ರಕಾರರು ಓಡುವ ಕುದುರೆಯನ್ನು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ತೇಲುವಂತೆ ಬರೆಯುತ್ತಿದ್ದರು. ಜೆರಿಕೋ 1821ರಲ್ಲಿ ಬರೆದ ಎಪ್ಸಂ ಪಂದ್ಯದ ಚಿತ್ರ ಹಾಗೆಯೇ ಇದೆ. 1878ರಲ್ಲಿ ಮೈಬ್ರಿಜ್ ಎಂಬವನು ಕ್ಯಾಲಿಫೋರ್ನಿಯಾದಲ್ಲಿ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ದಾರಿಗೆ ಅಡ್ಡಲಾಗಿ ದಾರ ಕಟ್ಟಿ, ಕುದುರೆಯನ್ನು ಓಡಿಸಿ ತೋರಿಸಿದ: ನಾಲ್ಕು ಕಾಲೂ ನೆಲ ಬಿಡುವುದು ನಿಜ, ಆದರೆ ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಮುದುಡಿಕೊಂಡಾಗ. ಶತಮಾನಗಳ ಕಣ್ಣು ಕಾಣದ್ದನ್ನು ಯಂತ್ರ ಕಂಡಿತು. ನನ್ನ ಕ್ಯಾಮೆರಾವೂ ಸುಳ್ಳು ಹೇಳಲಿಲ್ಲ. ಬಾಯಿಯನ್ನೂ ನೊರೆಯನ್ನೂ ಪ್ರಾಮಾಣಿಕವಾಗಿ ಬರೆದುಕೊಂಡಿತ್ತು. ಓದದೆ ಬಿಟ್ಟವನು ನಾನು.

ಹಾಗಾದರೆ ಹಳೇಬೀಡಿನ ಶಿಲ್ಪಿ ನಿರ್ದೋಷಿಯೇ? ಅವನೂ ಯುದ್ಧದ ಕುದುರೆಯನ್ನು ಚೆಂದ ಮಾಡಿ ಕೆತ್ತಿದವನೇ. ದಕ್ಷಿಣದ ಅರಸರ ಕುದುರೆಗಳು ಅರಬರ ನಾಡಿನಿಂದ ಹಡಗಿನಲ್ಲಿ ಬರುತ್ತಿದ್ದವು. ನೆರೆಯ ಪಾಂಡ್ಯರ ನಾಡಿನಲ್ಲಿ ಆರೈಕೆ ತಿಳಿಯದೆ ಅವು ವರ್ಷವರ್ಷವೂ ರಾಶಿ ಸಾಯುತ್ತಿದ್ದವೆಂದು ಹದಿಮೂರನೆಯ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೋ ಬರೆದಿದ್ದಾನೆ. ಗೋಡೆಯ ಮೇಲಿನ ಸಾಲು ಅದನ್ನು ಹೇಳುವುದಿಲ್ಲ. 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂದಾಗ, ಕಲ್ಲಿನ ಸವಾರರು ನೋಡುತ್ತಿದ್ದಂತೆಯೇ ಜೀವದ ಕುದುರೆಗಳ ಗತಿ ಏನಾಯಿತೋ ಊಹಿಸಬಹುದು. ಶಿಲ್ಪಿಯೂ ನೋವನ್ನು ಮರೆಮಾಡಿದ. ಆದರೆ ಒಂದು ಭೇದವುಂಟು. ಅವನು ಬೀದಿಯಲ್ಲಿ ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿಗೆ ತಂದ. ಲೋಕದಲ್ಲಿ ಇದ್ದ ನೋವಿನಿಂದ ಸಾಲ ಪಡೆದ. ತನ್ನ ಕಲ್ಲಿಗಾಗಿ ಹೊಸದಾಗಿ ಒಂದು ಬಾಯಿಯನ್ನು ಹರಿಸಬೇಕಾಗಿರಲಿಲ್ಲ. ಫೋಟೋಕ್ಕೆ ಆ ಸೌಲಭ್ಯವಿಲ್ಲ. ಅದು ಸಾಕ್ಷಿ, ನಡೆದದ್ದನ್ನಲ್ಲದೆ ಬೇರೆ ಹೇಳಲಾರದು. ಆದ್ದರಿಂದ ಬೇಕಾದ ಪಟಕ್ಕಾಗಿ ಬೇಕಾದ್ದನ್ನು ನಡೆಸಿಬಿಡುವ ಆಸೆ ನಮಗೆ ಹುಟ್ಟುತ್ತದೆ. ಆಗ ಸಾಕ್ಷಿಯೂ ಆರೋಪಿಯೂ ಒಬ್ಬನೇ ಆಗುತ್ತಾನೆ. ನನ್ನ ವಕೀಲ ಸ್ನೇಹಿತರಿಗೆ ಇದನ್ನು ಹೇಳಿದಾಗ ಅವರು ಮರುಮಾತಾಡದೆ ಕಾಫಿ ಕುಡಿದರು.

ಕಾದು ಕುಳಿತು ಸಿಕ್ಕ ಪಟಕ್ಕೂ ಜಗ್ಗಿಸಿ ಪಡೆದ ಪಟಕ್ಕೂ ಕಣ್ಣಿಗೆ ಭೇದ ಕಾಣದೆ ಇರಬಹುದು. ಭೇದ ತೆಗೆದವನಿಗೆ ಗೊತ್ತು. ಅಷ್ಟೇ ಸಾಕು ಎನ್ನಿಸುತ್ತದೆ ನನಗೆ.

ಬಸ್ತಿಹಳ್ಳಿಯಲ್ಲಿ ಆ ದಿನ ಕುದುರೆಯವನನ್ನು ಬಿಟ್ಟು ನಾನು ಹೋದದ್ದು ಪಾರ್ಶ್ವನಾಥ ಬಸದಿಗೆ. ಗಂಗರಾಜನ ನೆನಪಿಗೆ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ್ದು. ಆ ಹೊತ್ತಿಗೇ ವಿಷ್ಣುವರ್ಧನನಿಗೆ ಯುದ್ಧದಲ್ಲಿ ಜಯವೂ ಮನೆಯಲ್ಲಿ ಮಗನೂ ಬಂದದ್ದರಿಂದ ದೇವರಿಗೆ ವಿಜಯಪಾರ್ಶ್ವ ಎಂದು ಹೆಸರಾಯಿತು. ಕನ್ನಡಿಯಂತೆ ಹೊಳೆಯುವ ಕಂಬಗಳ ಆಚೆ, ಏಳು ಹೆಡೆಯ ನೆರಳಿನಲ್ಲಿ, ಆಳುದ್ದಕ್ಕೂ ಮೀರಿದ ಕರಿಯ ಮೂರ್ತಿ. ಗೆಲುವಿನ ಹೆಸರು ಹೊತ್ತವನು ಕೈಯಲ್ಲಿ ಏನನ್ನೂ ಹಿಡಿಯದೆ ನಿಂತಿದ್ದಾನೆ. ಎರಡು ಕೈಗಳೂ ಸುಮ್ಮನೆ ಇಳಿಬಿದ್ದಿವೆ, ಲಗಾಮಿಲ್ಲ. ಅಂದು ಸಿಟ್ಟಿನಲ್ಲಿದ್ದ ನನಗೆ ಇದು ಹೊಳೆಯಲಿಲ್ಲ; ಮನೆಯಲ್ಲಿ ಆ ಬಾಯಿಯನ್ನು ನೋಡಿದ ಮೇಲೆ ಆ ಕೈಗಳು ನೆನಪಾದವು.

ಗೋಡೆಯ ಫೋಟೋವನ್ನು ಇಳಿಸಿಬಿಡೋಣವೆಂದು ಎರಡು ಸಾರಿ ಸ್ಟೂಲು ಹತ್ತಿದೆ, ಇಳಿಸಲಿಲ್ಲ. ಇಳಿಸಿದರೆ ನನ್ನ ಕಣ್ಣಿಗೆ ಸುಖವೇ ಹೊರತು ಕುದುರೆಗೆ ಏನು ಬಂತು? ಈಗ ಯಾರಾದರೂ "ಎಂಥ ಗಳಿಗೆ!" ಎಂದರೆ, ಹತ್ತಿರ ಕರೆದು ಬಾಯಿಯನ್ನು ತೋರಿಸುತ್ತೇನೆ. ಕಾಫಿ ಆರಿಹೋಗುತ್ತದೆ. ಬಿಳಿ ಕುದುರೆಯ ಪಟವೂ ಒಂದಿದೆ: ಹಗ್ಗ ಹಿಡಿದ ಯಜಮಾನನನ್ನು ಹೊತ್ತು ನಡೆದುಹೋಗುತ್ತಿದೆ, ಅಷ್ಟೇ. ಅದನ್ನು ಇನ್ನೂ ಯಾರೂ ಹೊಗಳಿಲ್ಲ.