ಅವಯವ, ಅವಯವಿ ಮತ್ತು ಒಂದು ಹಳೆಯ ಜಾವಾ

ಭಾಗಗಳು ಬದಲಾದ ಮೇಲೆಯೂ ಇದು ಅದೇ ಹೌದೋ ಅಲ್ಲವೋ ಎಂಬ ಪ್ರಶ್ನೆ ಮನುಷ್ಯನ ವಿಷಯದಲ್ಲಿ ಎದ್ದಾಗ ನಮಗೆ ಹೆಚ್ಚಿನ ಕಷ್ಟವಿಲ್ಲ. ಬಾಲ್ಯದ ಶರೀರ ಹೋಗಿ ಯೌವನದ್ದು ಬಂದರೂ, ಯೌವನದ್ದು ಕಳೆದು ಮುಪ್ಪಿನದು ಉಳಿದರೂ, ಇವನು ಅವನೇ ಎಂದು ಹೇಳುವುದಕ್ಕೆ ಆತ್ಮವೆಂಬ ಆಧಾರವನ್ನು ಹಿರಿಯರು ಕೊಟ್ಟುಹೋಗಿದ್ದಾರೆ; ಅದನ್ನು ಒಪ್ಪದವರೂ ನೆನಪನ್ನೋ ಚಿತ್ತಸಂತತಿಯನ್ನೋ ಆಶ್ರಯಿಸಿ ತಮ್ಮ ಸಮಾಧಾನವನ್ನು ಕಂಡುಕೊಳ್ಳುತ್ತಾರೆ. ಆದರೆ ಆತ್ಮವೂ ಇಲ್ಲದ, ನೆನಪೂ ಇಲ್ಲದ ಒಂದು ಜಡವಸ್ತುವಿನ ಒಳಗಿನ ಭಾಗಗಳನ್ನು ತೆಗೆದು ಅವುಗಳ ಸ್ಥಾನದಲ್ಲಿ ಬೇರೆಯವನ್ನು ಕೂಡಿಸಿದ ಮೇಲೆಯೂ ಇದು ಅದೇ ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವಲ್ಲ, ಆ ಮಾತಿಗೆ ಆಧಾರವಾವುದು? ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ, ತಂದೆಯವರು ಓಡಿಸುತ್ತಿದ್ದ ಜಾವಾ ಮೋಟರ್‌ಸೈಕಲ್ಲಿನ ಗೇರ್‌ಬಾಕ್ಸನ್ನು ಬಿಚ್ಚಿ ಮತ್ತೆ ಕೂಡಿಸುತ್ತಿದ್ದ ದಿನಗಳಲ್ಲಿ ಈ ಪ್ರಶ್ನೆ ನನ್ನನ್ನು ಬಿಡದೆ ಹಿಡಿದಿತ್ತು.

ಆ ಗಾಡಿ ಹುಟ್ಟಿದ್ದು ಮೈಸೂರಿನ ಯಾದವಗಿರಿಯಲ್ಲಿ. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿಯವರು 1960ರಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯು ಝೆಕ್ ದೇಶದ ಮಾದರಿಯನ್ನು ಅನುಸರಿಸಿ 1961ರಿಂದ ಗಾಡಿಗಳನ್ನು ಹೊರತರತೊಡಗಿತು. ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರೆಂಬುದನ್ನೂ, ಅವರೇ ದತ್ತಾತ್ರೇಯ ತತ್ತ್ವವನ್ನು ಕುರಿತು ಗ್ರಂಥ ಬರೆದ ವಿಚಾರವಂತರೆಂಬುದನ್ನೂ ಒಟ್ಟಿಗೆ ನೆನೆದಾಗ ನನಗೆ ಬಹಳ ಸಂತೋಷವಾಗುತ್ತದೆ. 1973ರಿಂದ ಅಲ್ಲಿಯ ಗಾಡಿಗಳು ಯೆಜ್ದಿ ಎಂಬ ಹೆಸರನ್ನು ಧರಿಸಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದಿನಿಂದ ಹಳೆಯ ಗಾಡಿಗಳು ಬಹುಮಟ್ಟಿಗೆ ಒಂದರ ಅವಯವದಿಂದ ಇನ್ನೊಂದು ಬದುಕುತ್ತ ಬಂದಿವೆ.

ಈ ಗಾಡಿಯ ರಚನೆಯನ್ನು ಸ್ವಲ್ಪ ವಿವರಿಸದೆ ಮುಂದಿನ ಮಾತು ತಿಳಿಯದು. ಅದರಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಪ್ರತ್ಯೇಕವಾದ ಮನೆಗಳಿಲ್ಲ. ಎರಡು ಹೋಳಾಗಿ ಬಿಚ್ಚಿಕೊಳ್ಳುವ ಒಂದೇ ಅಲ್ಯೂಮಿನಿಯಂ ಕವಚದಲ್ಲಿ ಮುಂದೆ ಕ್ರ್ಯಾಂಕೂ ಹಿಂದೆ ನಾಲ್ಕು ಗೇರುಗಳ ಸಂಸಾರವೂ ಇವೆ. ಆದುದರಿಂದ ಗೇರಿನಲ್ಲಿ ಮಾತ್ರ ದೋಷವಿದೆ, ಅದನ್ನಷ್ಟೇ ನೋಡುತ್ತೇನೆ ಎನ್ನುವಂತಿಲ್ಲ. ಇಂಜಿನ್ನನ್ನು ಇಳಿಸಿ, ಸಿಲಿಂಡರನ್ನು ಎತ್ತಿ, ಕ್ಲಚ್ಚನ್ನೂ ಚೈನನ್ನೂ ಡೈನಮೋವನ್ನೂ ತೆಗೆದ ಬಳಿಕವೇ ಆ ಎರಡು ಹೋಳುಗಳು ಬೇರೆಯಾಗುತ್ತವೆ. ಕಿಕ್ ಹೊಡೆಯುವ ಸನ್ನೆಯನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದು ಗೇರು ಬದಲಾಯಿಸುವ ಸನ್ನೆಯಾಗುತ್ತದೆ, ಮತ್ತು ಅದನ್ನು ಕಾಲಿನಿಂದ ಅದುಮಿದೊಡನೆ ಕ್ಲಚ್ಚು ತಾನಾಗಿ ಬಿಟ್ಟುಕೊಳ್ಳುತ್ತದೆ. ಇಷ್ಟು ಮಿತವ್ಯಯದಿಂದ ಒಂದಕ್ಕೊಂದನ್ನು ಹೆಣೆದ ಯಂತ್ರವನ್ನು ನಾನು ಬೇರೆ ಕಂಡಿಲ್ಲ.

ನಮ್ಮ ಗಾಡಿಗೆ ಬಂದ ರೋಗವೆಂದರೆ, ಸವದತ್ತಿಯಿಂದ ಎಲ್ಲಮ್ಮನ ಗುಡ್ಡವನ್ನು ಏರುವಾಗ ಎರಡನೆಯ ಗೇರು ತಾನೇ ಕಳಚಿಕೊಂಡು ನ್ಯೂಟ್ರಲ್ಲಿಗೆ ಬೀಳುತ್ತಿತ್ತು. ಶಾಫ್ಟಿನ ಮೇಲೆ ಸರಿಯುವ ಗೇರಿನ ಪಕ್ಕದಲ್ಲಿರುವ ಮೊಳೆಯಂಥ ಹಲ್ಲುಗಳು ಎದುರಿನ ಗೇರಿನ ಕುಳಿಗಳಲ್ಲಿ ಸೇರಿ ಹಿಡಿದಾಗಲೇ ಬಲವು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಬಹುಕಾಲದ ಬಳಕೆಯಿಂದ ಆ ಹಲ್ಲುಗಳ ಅಂಚು ದುಂಡಾದರೆ, ಭಾರ ಬಿದ್ದ ಕ್ಷಣದಲ್ಲಿಯೇ ಅವು ಜಾರಿ ಹೊರಬರುತ್ತವೆ.

ಬಿಚ್ಚಿದ ಭಾಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಹಾಸಿದ ಪತ್ರಿಕೆಯ ಹಾಳೆಗಳ ಮೇಲೆ ಕ್ರಮವಾಗಿ ಇಟ್ಟು ನೋಡಿದಾಗ ನನಗೆ ನೆನಪಾದವನು ಭದಂತ ನಾಗಸೇನ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಯವನರಾಜ ಮಿಲಿಂದನು ರಥದಲ್ಲಿ ಬಂದನೆಂಬುದನ್ನೇ ಹಿಡಿದು, ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ ಎಂದು ಕೇಳುತ್ತ ಹೋಗಿ, ಅವಯವಗಳಲ್ಲಿಯೂ ರಥವಿಲ್ಲ, ಅವುಗಳ ಹೊರಗೂ ಇಲ್ಲ, ರಥವೆಂಬುದು ವ್ಯವಹಾರಕ್ಕಾಗಿ ಇಟ್ಟ ಹೆಸರು ಮಾತ್ರ ಎಂದು ಆ ಭಿಕ್ಷು ತೋರಿಸಿಕೊಟ್ಟನೆಂದು ಮಿಲಿಂದಪ್ರಶ್ನವು ಹೇಳುತ್ತದೆ. ಹಾಳೆಯ ಮೇಲಿದ್ದ ಗೇರುಗಳನ್ನೂ ಬುಷ್ಷುಗಳನ್ನೂ ಕಂಡಾಗ ಅವನ ಮಾತು ಅಕ್ಷರಶಃ ನಿಜವೆನಿಸಿತು: ಒಂದು ವಾಷರೂ ಕಳೆದಿರಲಿಲ್ಲ, ಆದರೂ ಗೇರ್‌ಬಾಕ್ಸೆಂಬುದು ಅಲ್ಲಿ ಎಲ್ಲಿಯೂ ಇರಲಿಲ್ಲ.

ಆದರೆ ಈ ಅನುಭವವೇ ನಾಗಸೇನನಿಗೆ ವಿರುದ್ಧವಾದ ಸಾಕ್ಷ್ಯವನ್ನೂ ನುಡಿಯುತ್ತದೆ. ಹೆಸರಿಟ್ಟ ಮಾತ್ರಕ್ಕೆ ಆ ಹಾಳೆಗಳ ಮೇಲಿನ ರಾಶಿಯು ಯಾರನ್ನೂ ಗುಡ್ಡ ಹತ್ತಿಸಲಾರದು. ವೈಶೇಷಿಕರು ಇದನ್ನು ಸರಿಯಾಗಿ ಕಂಡಿದ್ದರು. ಬಟ್ಟೆಗೆ ನೂಲು ಸಮವಾಯಿ ಕಾರಣ, ನೂಲುಗಳ ಸಂಯೋಗವು ಅಸಮವಾಯಿ ಕಾರಣ, ನೇಕಾರನೂ ಮಗ್ಗವೂ ನಿಮಿತ್ತ ಕಾರಣ; ಬಟ್ಟೆಯಾದ ಮೇಲೆ ನೇಕಾರನು ಎದ್ದುಹೋದರೂ ಬಟ್ಟೆ ಉಳಿಯುತ್ತದೆ, ಸಂಯೋಗ ಬಿಟ್ಟುಹೋದರೆ ಉಳಿಯದು. ಅವಯವಗಳಲ್ಲಿ ಸಮವೇತವಾಗಿರುವ ಅವಯವಿಯು, ಎಂದರೆ ಇಡಿಯಾದ ವಸ್ತುವು, ಅವುಗಳಿಂದ ಭಿನ್ನವಾದ, ನಿಜವಾದ ದ್ರವ್ಯವೆಂಬುದು ಅವರ ಸಿದ್ಧಾಂತ. ಆ ಅಸಮವಾಯಿ ಕಾರಣವು ಎಷ್ಟು ಸೂಕ್ಷ್ಮವಾದುದೆಂಬುದನ್ನು ತಿಳಿಯಬೇಕಾದರೆ ಗೇರ್‌ಬಾಕ್ಸನ್ನು ಒಮ್ಮೆ ಕೂಡಿಸಿ ನೋಡಬೇಕು. ಶಾಫ್ಟಿನ ತುದಿಯಲ್ಲಿ ಹಾಕುವ ಕಾಗದದಷ್ಟು ತೆಳುವಾದ ಒಂದು ಶಿಮ್ಮು ಹೆಚ್ಚಾದರೆ ಕವಚವನ್ನು ಬಿಗಿದ ಕೂಡಲೆ ಶಾಫ್ಟು ತಿರುಗದೆ ಹಿಡಿದುಕೊಳ್ಳುತ್ತದೆ. ಕಡಿಮೆಯಾದರೆ ಶಾಫ್ಟು ಅತ್ತಿತ್ತ ಅಲ್ಲಾಡಿ, ಹಲ್ಲು ಕುಳಿಯೊಳಗೆ ಪೂರ್ಣವಾಗಿ ಇಳಿಯದೆ, ಹಳೆಯ ರೋಗವೇ ಮರುಕಳಿಸುತ್ತದೆ. ಬೇರಿಂಗನ್ನು ಕೂಡಿಸುವ ಬಗೆಯಂತೂ ಬೈಲಹೊಂಗಲದ ಕಮ್ಮಾರರು ಚಕ್ಕಡಿಯ ಗಾಲಿಗೆ ಹಳಿಯನ್ನು ಕಾಸಿ ಏರಿಸುವಂತೆಯೇ ಇದೆ: ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವ ಅಲ್ಯೂಮಿನಿಯಂ ಕವಚವನ್ನು ಹದವಾಗಿ ಬಿಸಿಮಾಡಿದರೆ, ಸುತ್ತಿಗೆಯ ಪೆಟ್ಟಿಗೂ ಜಗ್ಗದಿದ್ದ ಹಳೆಯ ಬೇರಿಂಗು ತಾನೇ ಕಳಚಿ ಬೀಳುತ್ತದೆ, ಹೊಸದು ಬೆರಳಿನ ಒತ್ತಿಗೆ ಒಳಗಿಳಿಯುತ್ತದೆ, ಕವಚವು ತಣಿದಂತೆ ಅದನ್ನು ಬಿಗಿಯಾಗಿ ಹಿಡಿಯುತ್ತದೆ.

ವೈಶೇಷಿಕರಲ್ಲಿ ನನಗಿರುವ ಗೌರವ ದೊಡ್ಡದಾದರೂ ಒಂದೆಡೆ ಅವರು ನನ್ನ ಕೈ ಬಿಡುತ್ತಾರೆ. ಬಟ್ಟೆಯಿಂದ ಒಂದು ನೂಲನ್ನು ತೆಗೆದರೂ ಹಳೆಯ ಬಟ್ಟೆ ನಾಶವಾಗಿ ಖಂಡಪಟವೆಂಬ ಬೇರೊಂದು ದ್ರವ್ಯ ಹುಟ್ಟುತ್ತದೆಂದೂ, ಇದು ಅದೇ ಎಂಬ ಪ್ರತ್ಯಭಿಜ್ಞೆಯು ಸಜಾತೀಯತೆಯಿಂದ ಉಂಟಾದುದೆಂದೂ ಅವರು ಹೇಳಿಬಿಡುತ್ತಾರೆ. ಹಾಗಾದರೆ ನಾನು ಕೂಡಿಸಿದ್ದು ತಂದೆಯವರ ಗಾಡಿಯಲ್ಲ, ಅದರ ಜಾತಿಯ ಇನ್ನೊಂದು. ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಮನಸ್ಸು ಮಾತ್ರ ಒಪ್ಪಲಿಲ್ಲ.

ಎರಡನೆಯ ಗೇರಿನ ಜೋಡಿಗಾಗಿ ಹುಡುಕಿ, ಕೊನೆಗೆ ರಾಮದುರ್ಗದ ಗುಜರಿ ಅಂಗಡಿಯೊಂದರಲ್ಲಿ ಬಿದ್ದಿದ್ದ, ಕವಚ ಒಡೆದ ಇಂಜಿನ್ನೊಂದರಿಂದ ಸವೆಯದ ಗೇರೊಂದನ್ನು ತಂದೆ. ಹಲ್ಲುಗಳ ಸಂಖ್ಯೆ ಸರಿಯಾಗಿತ್ತು, ಅಳತೆಯೂ ಸರಿಯಾಗಿತ್ತು. ಜಾವಾ ಗಾಡಿಗಳಲ್ಲಿಯೇ ಕೈ ಪಳಗಿದ ನಮ್ಮೂರಿನ ಮುದುಕ ಮಿಸ್ತ್ರಿಯೊಬ್ಬರು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, “ಮಾಸ್ತರ್ರ, ಹಲ್ಲ ಎಣಿಸಿದ್ರ ಆತೇನ್ರಿ? ಬಾಜೂದ ಗೇರ ಇದನ್ನ ತನ್ನಾಂವ ಅಂತ ಒಪ್ಪಿಕೋಬೇಕ್ರಿ” ಎಂದರು. ಕೂಡಿಸಿದ ಮೇಲೆ ಮೊದಮೊದಲು ಅದು ಎರಡನೆಯ ಗೇರಿನಲ್ಲಿ ಒಂದು ಬಗೆಯ ಕೊರಗಿನ ಧ್ವನಿಯನ್ನು ಮಾಡುತ್ತಿತ್ತು. ಬೈಲಹೊಂಗಲಕ್ಕೂ ಮುರಗೋಡಕ್ಕೂ ನಡುವೆ ಓಡಾಡುತ್ತ ಹೋದಂತೆ ಆ ಧ್ವನಿ ಕ್ರಮೇಣ ತಗ್ಗಿ ಉಳಿದವುಗಳೊಳಗೆ ಸೇರಿಕೊಂಡಿತು.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಹೊಸದಲ್ಲ. ಜಮದಗ್ನಿಯ ಆಜ್ಞೆಯಂತೆ ಪರಶುರಾಮನು ತಾಯಿ ರೇಣುಕೆಯ, ಅಂದರೆ ನಮ್ಮ ಎಲ್ಲಮ್ಮನ, ಶಿರಸ್ಸನ್ನು ಕಡಿದು ಮತ್ತೆ ಅವಳ ಪ್ರಾಣವನ್ನು ಬೇಡಿದಾಗ, ಜೊತೆಗೆ ಹತಳಾಗಿದ್ದ ಮಾತಂಗಿಯ ಶಿರಸ್ಸೂ ರೇಣುಕೆಯ ಶಿರಸ್ಸೂ ಅದಲುಬದಲಾಗಿ ಕೂಡಿದವೆಂದು ದಕ್ಷಿಣದ ಹಲವೆಡೆ ಜನ ಹೇಳುತ್ತಾರೆ. ಎದ್ದು ನಿಂತವಳು ಯಾರು? ಗಂಡನ ತಲೆ ಇನ್ನೊಬ್ಬನ ದೇಹಕ್ಕೆ ಸೇರಿದ ಕಥೆಯಲ್ಲಿ ಬೇತಾಳನು ಇಂಥದೇ ಪ್ರಶ್ನೆಯನ್ನು ಕೇಳಿದಾಗ ವಿಕ್ರಮನು, ಅಂಗಗಳಲ್ಲಿ ಶಿರಸ್ಸೇ ಪ್ರಧಾನ, ಆದುದರಿಂದ ತಲೆಯುಳ್ಳವನೇ ಗಂಡ ಎಂದು ಉತ್ತರಿಸಿದನಂತೆ. ಗಿರೀಶ ಕಾರ್ನಾಡರು 1971ರ ‘ಹಯವದನ’ ನಾಟಕದಲ್ಲಿ ಆ ಉತ್ತರವನ್ನು ಮತ್ತೆ ಪರೀಕ್ಷೆಗೆ ಒಡ್ಡಿ, ದೇವದತ್ತನ ತಲೆಗೆ ಸೇರಿದ ಕಪಿಲನ ಬಲಿಷ್ಠ ದೇಹವು ದಿನ ಕಳೆದಂತೆ ದೇವದತ್ತನ ದೇಹದಂತೆಯೇ ಮೃದುವಾಗುವುದನ್ನು ತೋರಿಸಿದರು. ಬಂದ ಅವಯವವು ಸೇರಿದ ಮನೆಯ ಗುಣವನ್ನು ತಾಳುತ್ತದೆಂಬ ಆ ದರ್ಶನ ನನಗೆ ವಿಕ್ರಮನ ಉತ್ತರಕ್ಕಿಂತ ಆಳವಾದುದಾಗಿ ಕಾಣುತ್ತದೆ. ಸಾರಿಗೆ ಕಚೇರಿಯು ವಿಕ್ರಮನ ಪಕ್ಷದ್ದು: ಕವಚದ ಮೇಲೆ ಕೊರೆದ ಇಂಜಿನ್ ಸಂಖ್ಯೆ, ಚೌಕಟ್ಟಿನ ಮೇಲೆ ಕೊರೆದ ಚಾಸಿ ಸಂಖ್ಯೆ, ಇವೆರಡೇ ಅದಕ್ಕೆ ಗಾಡಿಯ ಶಿರಸ್ಸು. ಕಳ್ಳತನವನ್ನು ತಡೆಯುವುದಕ್ಕೆ ಅಷ್ಟು ಸಾಕು.

ನನಗೆ ಉತ್ತರ ದೊರೆತದ್ದು ಕಿತ್ತೂರಿನ ಇತಿಹಾಸದಲ್ಲಿ. 1824ರಲ್ಲಿ ಅಲ್ಲಿಯ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡಿದ್ದರು. ಧಾರವಾಡದಲ್ಲಿದ್ದ ಕಂಪನಿಯ ಅಧಿಕಾರಿ ಥ್ಯಾಕರೆ ಅದನ್ನು ಮನ್ನಿಸಲಿಲ್ಲ. ಅವನ ಪಕ್ಷದಲ್ಲಿ ಹಳೆಯ ಮನೆ ಮುಗಿದಿತ್ತು. ರಾಣಿ ಚೆನ್ನಮ್ಮನ ಪಕ್ಷದಲ್ಲಿ ಅದು ನಡೆಯುತ್ತಲೇ ಇತ್ತು. ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನಲ್ಲಿ ಮಡಿದ. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಚೆನ್ನಮ್ಮ ನಮ್ಮ ಬೈಲಹೊಂಗಲದಲ್ಲಿ ಸೆರೆಯಾಳಾಗಿದ್ದು 1829ರಲ್ಲಿ ತೀರಿಕೊಂಡಳು. ಅದೇ ಶಿವಲಿಂಗಪ್ಪನನ್ನು ಗಾದಿಯಲ್ಲಿ ಕೂಡಿಸಲು ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಇದನ್ನು ರಾಜಕಾರಣವೆಂದು ಮಾತ್ರ ಓದುವವರಿಗೆ, ಆ ಹೋರಾಟದ ಬುಡದಲ್ಲಿ ಒಂದು ತತ್ತ್ವಪ್ರಶ್ನೆ ಇದ್ದುದು ಕಾಣದೆ ಹೋಗುತ್ತದೆ: ಹೊರಗಿನಿಂದ ಬಂದ ಅವಯವವನ್ನು ಕೂಡಿಸಿಕೊಂಡ ಮನೆಯು ಅದೇ ಮನೆಯೋ ಅಲ್ಲವೋ?

ನಮ್ಮ ಧರ್ಮಶಾಸ್ತ್ರವು ಹೌದೆನ್ನುತ್ತದೆ, ಆದರೆ ಸುಲಭವಾಗಿ ಅಲ್ಲ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನೂ, ಅವನ ನಂತರದ ನಿಬಂಧಕಾರರೂ ದತ್ತಕನ ವಿಷಯವನ್ನು ಚರ್ಚಿಸಿದ್ದಾರೆ. ದತ್ತಕನಲ್ಲಿ ಪುತ್ರಚ್ಛಾಯೆ, ಎಂದರೆ ಮಗನ ಹೋಲಿಕೆ, ಇರಬೇಕೆಂಬುದು ಒಂದು ನಿಯಮ. ಹಲ್ಲಿನ ಸಂಖ್ಯೆಯೂ ಅಳತೆಯೂ ಗೇರಿನ ಮಟ್ಟಿಗೆ ಪುತ್ರಚ್ಛಾಯೆಯೇ. ಛಾಯೆಯಿದ್ದ ಮಾತ್ರಕ್ಕೆ ಅವನು ಮಗನಾಗುವುದಿಲ್ಲ. ಕೊಡುವವರು ಕೊಡಬೇಕು, ಕೊಳ್ಳುವವರು ಸ್ವೀಕರಿಸಬೇಕು, ಮತ್ತು ಬಂದವನು ಆ ಮನೆಯ ಸಂಪತ್ತಿನೊಡನೆ ಋಣವನ್ನೂ ಪಿತೃಕಾರ್ಯವನ್ನೂ ಹೊರಬೇಕು. ಹಳೆಯ ಗೇರು ಹೊರುತ್ತಿದ್ದ ಭಾರವನ್ನು ಹೊಸದು ಹೊತ್ತಾಗ, ಹಳೆಯದರೊಡನೆ ಸವೆದಿದ್ದ ನೆರೆಯ ಗೇರು ಇದರೊಡನೆ ಸವೆಯಲು ಒಪ್ಪಿದಾಗ, ಗಾಡಿಯ ಒಳಗೇ ಒಂದು ಸ್ವೀಕಾರ ನಡೆದುಹೋಗುತ್ತದೆ. ನಾಗಸೇನನು ಹೇಳಿದಂತೆ ಅದು ನಾನಿಟ್ಟ ಹೆಸರಲ್ಲ, ಏಕೆಂದರೆ ನಾನು ಒಪ್ಪಿದರೂ ಗೇರು ಒಪ್ಪದಿರಬಹುದು; ವೈಶೇಷಿಕರು ಹೇಳಿದಂತೆ ಹೊಸ ದ್ರವ್ಯದ ಹುಟ್ಟೂ ಅಲ್ಲ, ಏಕೆಂದರೆ ಹೊಸದಾಗಿ ಹುಟ್ಟಿದ್ದಕ್ಕೆ ಹಿಂದಿನ ಋಣವಿರುವುದಿಲ್ಲ. ಜಡವಸ್ತುವು ಅದೇ ಆಗಿ ಉಳಿಯುವುದೆಂದರೆ ಅದರ ಕರ್ತವ್ಯವು ಕಡಿಯದೆ ಕೈದಾಟುತ್ತ ಹೋಗುವುದೆಂದೇ ನಾನು ತಿಳಿದಿದ್ದೇನೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತ ಬಂದ ಗ್ರೀಕರ ಥೀಸಿಯಸನ ಹಡಗನ್ನು ಕುರಿತು ಹದಿನೇಳನೆಯ ಶತಮಾನದ ತತ್ತ್ವಜ್ಞ ಹಾಬ್ಸನು ಎತ್ತಿದ ಪ್ರಶ್ನೆ ಅದು: ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಅದೇ ಕ್ರಮದಲ್ಲಿ ಜೋಡಿಸಿದರೆ ಯಾವುದು ನಿಜವಾದ ಹಡಗು? ನಮ್ಮ ಗಾಡಿಯ ಬೇರಿಂಗು, ಬುಷ್ಷು, ಗೇರುಗಳೆಲ್ಲ ಮುಂದೊಂದು ದಿನ ಬದಲಾಗಿ, ಹಳೆಯವನ್ನೆಲ್ಲ ಯಾರೋ ಕೂಡಿಸಿ ಇನ್ನೊಂದು ಗಾಡಿಯನ್ನು ತಂದು ನನ್ನ ಬಾಗಿಲಲ್ಲಿ ನಿಲ್ಲಿಸಿದರೆ ನಾನೇನು ಹೇಳಬೇಕು? ದತ್ತಕಶಾಸ್ತ್ರವು ಇಲ್ಲಿಯೂ ದಾರಿ ತೋರುತ್ತದೆ. ದತ್ತು ಹೋದ ಮಗನಿಗೆ ಹುಟ್ಟಿದ ಮನೆಯ ಗೋತ್ರವೂ ಇಲ್ಲ, ಪಿತೃಧನವಾದ ರಿಕ್ಥವೂ ಇಲ್ಲ, ಅಲ್ಲಿಯ ಪಿಂಡದ ಹೊಣೆಯೂ ಇಲ್ಲ. ದುಂಡಾದ ಹಲ್ಲಿನ ಆ ಹಳೆಯ ಗೇರನ್ನು ಮಿಸ್ತ್ರಿ ಕೇಳಿ ಒಯ್ದರು. ಅದರ ಹಲ್ಲುಗಳಿಗೆ ಬೆಸುಗೆ ತುಂಬಿಸಿ, ಲೇತಿಗೆ ಹಾಕಿಸಿ, ಕಿತ್ತೂರಿನ ಕಡೆಯ ಇನ್ನಾರದೋ ಜಾವಾಕ್ಕೆ ಕೂಡಿಸುವ ಆಲೋಚನೆ ಅವರದು. ಹಾಗೆ ಕೂಡಿ ಅಲ್ಲಿಯ ನೆರೆಯ ಗೇರು ಅದನ್ನು ಒಪ್ಪಿಕೊಂಡರೆ, ಅದು ಆ ಗಾಡಿಯದಾಯಿತು. ನಮ್ಮ ಗಾಡಿಯ ಮೇಲೆ ಅದಕ್ಕೆ ಯಾವ ಹಕ್ಕೂ ಇಲ್ಲ, ಅದರ ಮೇಲೆ ನನಗೂ ಇಲ್ಲ.